ಮೂರನೇ ದರ್ಜೆಯ ಮೂವತ್ತೆಂಟು ಪಂದ್ಯ

ಫುಟ್‌ಬಾಲ್‌ನಲ್ಲಿ ಡಿಫೆಂಡರ್‌ನ ಹೆಸರು ಪತ್ರಿಕೆಗೆ ಬರುವುದು ಸಾಮಾನ್ಯವಾಗಿ ಅವನು ಎಡವಿದ ದಿನ. ಗೋಲು ಹೊಡೆದವನ ಚಿತ್ರ ಅಚ್ಚಾಗುತ್ತದೆ, ಗೋಲಾಗದಂತೆ ನೋಡಿಕೊಂಡವನ ಕೆಲಸಕ್ಕೆ ಚಿತ್ರವೇ ಸಿಗುವುದಿಲ್ಲ. ಅಂಥವನು ದೊಡ್ಡ ಲೀಗಿನ ತಾರೆಯೂ ಆಗಿರದೆ ಸ್ಪೇನ್‌ನ ಮೂರನೇ ದರ್ಜೆಯಲ್ಲಿ ಬೆಳೆದವನಾದರೆ ಅವನ ವೃತ್ತಿಬದುಕು ಯಾರ ಲೆಕ್ಕಕ್ಕೂ ಬರುವುದಿಲ್ಲ. ಆದರೂ ಅಂಥ ಒಬ್ಬರ ಬದುಕನ್ನು ಬಿಡಿಸಿ ನೋಡಿದರೆ ಕರ್ನಾಟಕದ ಫುಟ್‌ಬಾಲ್‌ಗೆ ಏನು ಕೊರತೆ ಎಂಬುದು ಬೇರೆ ಯಾವ ವರದಿಗಿಂತ ಚೆನ್ನಾಗಿ ಕಾಣುತ್ತದೆ. ಅವರ ಹೆಸರು ಹುವಾನ್ ಆಂಟೋನಿಯೊ ಗೊಂಜಾಲೆಸ್. ಅಂಗಿಯ ಬೆನ್ನ ಮೇಲಿನ ಹೆಸರು ಹುವಾನಾನ್. 1987ರಲ್ಲಿ ಹುಟ್ಟಿದ ಈ ಸೆಂಟರ್ ಬ್ಯಾಕ್ ರಿಯಲ್ ಮ್ಯಾಡ್ರಿಡ್‌ನ ಎರಡನೇ ತಂಡವಾದ ಕ್ಯಾಸ್ಟಿಯಾದಲ್ಲಿ ಆಡಿದರು. ರಿಯಲ್ ಮ್ಯಾಡ್ರಿಡ್ ಎಂದೊಡನೆ ಕಣ್ಣರಳಿಸಬೇಕಿಲ್ಲ; ಅವರ ಕಾಲದಲ್ಲಿ ಕ್ಯಾಸ್ಟಿಯಾ ಇದ್ದದ್ದು ಮೂರನೇ ದರ್ಜೆಯಲ್ಲಿ. ಮುಂದೆ ಜರ್ಮನಿಯ ಫೋರ್ಚುನಾ ಡುಸೆಲ್ಡಾರ್ಫ್ ಸೇರಿದರು. ಆ ಕ್ಲಬ್ 2012ರಲ್ಲಿ ಬುಂಡೆಸ್‌ಲಿಗಾಕ್ಕೆ ಏರಿ, ಒಂದೇ ವರ್ಷಕ್ಕೆ ಕೆಳಗಿಳಿಯಿತು. 2016ರಲ್ಲಿ, ಇಪ್ಪತ್ತೊಂಬತ್ತನೇ ವಯಸ್ಸಿಗೆ, ಕೋಚ್ ಆಲ್ಬರ್ಟ್ ರೋಕಾ ಅವರ ಬೆಂಗಳೂರು ಎಫ್‌ಸಿಗೆ ಬಂದರು.

ಬಂದ ಕೆಲವೇ ತಿಂಗಳಲ್ಲಿ ನಡೆದದ್ದು ದಾಖಲೆಯಲ್ಲಿದೆ. 2016ರ ಅಕ್ಟೋಬರ್ 19ರಂದು ಕಂಠೀರವ ಕ್ರೀಡಾಂಗಣದಲ್ಲಿ ಏಷ್ಯಾದ ಕ್ಲಬ್ಬುಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಸೆಮಿಫೈನಲ್. ಎದುರಿಗಿದ್ದದ್ದು ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್. ಬೆಂಗಳೂರು 3–1ರಿಂದ ಗೆದ್ದಿತು. ಎರಡು ಗೋಲು ಸುನಿಲ್ ಚೆಟ್ರಿಯವರದು, ಮೂರನೆಯದು ಹುವಾನಾನ್ ಅವರದು. ಭಾರತದ ಕ್ಲಬ್ಬೊಂದು ಆ ಟೂರ್ನಿಯ ಫೈನಲ್ ತಲುಪಿದ್ದು ಅದೇ ಮೊದಲು; ದೋಹಾದ ಫೈನಲ್‌ನಲ್ಲಿ ಇರಾಕಿನ ಏರ್‌ಫೋರ್ಸ್ ಕ್ಲಬ್‌ಗೆ ಒಂದೇ ಗೋಲಿನಿಂದ ಸೋತಿತು. 2017ರಲ್ಲಿ ಫೆಡರೇಷನ್ ಕಪ್, 2018ರಲ್ಲಿ ಸೂಪರ್ ಕಪ್, 2019ರ ಮಾರ್ಚ್ 17ರಂದು ಮುಂಬೈನಲ್ಲಿ ಗೋವಾ ವಿರುದ್ಧ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕಿರೀಟ. ಆ ಫೈನಲ್‌ನಲ್ಲಿ 117ನೇ ನಿಮಿಷಕ್ಕೆ ತಲೆಯಿಂದ ಚೆಂಡು ತೂರಿಸಿದ ರಾಹುಲ್ ಭೆಕೆ ಎಲ್ಲರಿಗೂ ನೆನಪಿದ್ದಾರೆ. ಅದಕ್ಕೂ ಮೊದಲಿನ 116 ನಿಮಿಷ ಗೋವಾಕ್ಕೆ ಗೋಲು ದಕ್ಕದೇ ಹೋದದ್ದನ್ನು ಯಾರೂ ನೆನೆಯುವುದಿಲ್ಲ. ಮರುವರ್ಷದ ಲೀಗ್ ಹಂತದ 18 ಪಂದ್ಯಗಳಲ್ಲಿ ಬೆಂಗಳೂರು ಬಿಟ್ಟುಕೊಟ್ಟದ್ದು ಬರೀ 13 ಗೋಲು. ಮೊದಲು ರೋಕಾ, ಆಮೇಲೆ ಕಾರ್ಲೆಸ್ ಕ್ವಾದ್ರಾತ್ ಕೋಚ್ ಆಗಿದ್ದ ಆ ವರ್ಷಗಳುದ್ದಕ್ಕೂ ತಂಡದ ಬೆನ್ನೆಲುಬು ಈ ಮನುಷ್ಯ. 2021ರಲ್ಲಿ ಹೈದರಾಬಾದ್‌ಗೆ ಹೋದರು. 2022ರ ಮಾರ್ಚ್‌ನಲ್ಲಿ ಆ ತಂಡವೂ ಚಾಂಪಿಯನ್ ಆಯಿತು.

ಇಲ್ಲಿ ಕೇಳಬೇಕಾದ ಪ್ರಶ್ನೆ ಸರಳ. ತಮ್ಮ ದೇಶದ ಮೂರನೇ ದರ್ಜೆಯಲ್ಲಿ ಪಳಗಿದವರು ನಮ್ಮ ದೇಶದ ಮೊದಲನೇ ದರ್ಜೆಯಲ್ಲಿ ಐದು ವರ್ಷ ಕಂಬದಂತೆ ನಿಂತದ್ದು ಹೇಗೆ? ಚಹಾದಂಗಡಿಯಲ್ಲಿ ಸಿಗುವ ಉತ್ತರ: ಅವರ ಮೈಕಟ್ಟು ಬೇರೆ, ಊಟ ಬೇರೆ, ರಕ್ತದಲ್ಲೇ ಫುಟ್‌ಬಾಲ್ ಇದೆ. ರಕ್ತದ ಮಾತನ್ನು ಒಪ್ಪಲಾಗದು. ಸ್ಪೇನ್ ವಿಶ್ವಕಪ್ ಗೆಲ್ಲಲು 2010ರವರೆಗೆ ಕಾಯಬೇಕಾಯಿತು. ರಕ್ತ ಅದಕ್ಕೂ ಮೊದಲು ಇದ್ದದ್ದೇ ತಾನೆ? ಎತ್ತರದ ಮಾತೂ ಅಷ್ಟೆ. ಆರಡಿ ಹುಡುಗರು ಪಂಜಾಬಿನಲ್ಲಿ, ಕೊಡಗಿನಲ್ಲಿ, ನಮ್ಮ ತುರುವೇಕೆರೆಯ ವಾಲಿಬಾಲ್ ಅಂಕಣದಲ್ಲಿ ಬೇಕಾದಷ್ಟಿದ್ದಾರೆ. ಅಕಾಡೆಮಿಯ ತರಬೇತಿ ಎಂಬ ಉತ್ತರದಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಅಕಾಡೆಮಿ ಹುಡುಗನನ್ನು ಹದಿನೆಂಟರವರೆಗೆ ತಂದು ಬಿಡುತ್ತದೆ. ಡಿಫೆಂಡರ್ ತಯಾರಾಗುವುದು ಅದರ ಮುಂದಿನ ಐದಾರು ವರ್ಷದಲ್ಲಿ. ಆ ವರ್ಷಗಳಲ್ಲಿ ಅವನು ಎಷ್ಟು ನಿಜವಾದ ಪಂದ್ಯ ಆಡಿದ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಈ ಬರಹದ ವಾದ ಇಷ್ಟೆ: ಹುವಾನಾನ್ ಅವರನ್ನು ರೂಪಿಸಿದ್ದು ಸ್ಪೇನ್‌ನ ಶಿಖರವಲ್ಲ, ಅದರ ಬುಡ. ನಾವು ಆ ಬುಡದಲ್ಲಿ ಬೆಳೆದ ಫಲವನ್ನು ಕೊಂಡು ತಂದೆವು, ಅಂಥ ಬುಡವನ್ನು ಇಲ್ಲಿ ಕಟ್ಟಲಿಲ್ಲ.

ಬುಡ ಎಂದರೆ ಎಷ್ಟು ಅಗಲ? ಸ್ಪೇನ್‌ನಲ್ಲಿ ಲಾ ಲಿಗಾದ 20 ತಂಡ, ಅದರ ಕೆಳಗೆ ಸೆಗುಂಡಾದ 22 ತಂಡ. ಪುರುಷರ ಫುಟ್‌ಬಾಲ್‌ನಲ್ಲಿ ಕಾನೂನಿನ ಪ್ರಕಾರ ವೃತ್ತಿಪರ ಲೀಗುಗಳೆಂದರೆ ಇವೆರಡೇ. ಅದರ ಕೆಳಗೆ 1977ರಿಂದ 2021ರವರೆಗೆ ‘ಸೆಗುಂಡಾ ಬಿ’ ಎಂಬ ಮೂರನೇ ದರ್ಜೆ ಇತ್ತು. ಹುವಾನಾನ್ ಆಡುತ್ತಿದ್ದ ಕಾಲಕ್ಕೆ ಅದರಲ್ಲಿ ನಾಲ್ಕು ಗುಂಪು, ಗುಂಪಿಗೆ 20ರಂತೆ 80 ತಂಡ. ಪ್ರತಿ ತಂಡಕ್ಕೂ ಊರಿನಲ್ಲೊಂದು, ಹೊರಗೊಂದು ಎಂದು ವರ್ಷಕ್ಕೆ 38 ಪಂದ್ಯ. ಅದಕ್ಕೂ ಕೆಳಗೆ ಪ್ರಾಂತವಾರು 18 ಗುಂಪುಗಳ ನಾಲ್ಕನೇ ದರ್ಜೆ. 2021ರಲ್ಲಿ ಇದನ್ನೆಲ್ಲ ಮರುಜೋಡಿಸಿ ಮೂರನೇ ದರ್ಜೆಯನ್ನು 40 ತಂಡಕ್ಕೆ ಇಳಿಸಿದರು, ಅದರ ಕೆಳಗೆ 90 ತಂಡಗಳ ಇನ್ನೊಂದು ಮೆಟ್ಟಿಲು ಸೇರಿಸಿದರು. ಈಗ ನಮ್ಮ ಕಡೆ ನೋಡಿ. ಹುವಾನಾನ್ ಬಂದ ಋತುವಿನಲ್ಲಿ ಭಾರತದ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್‌ನಲ್ಲಿ ಒಂದು ತಂಡಕ್ಕಿದ್ದದ್ದು 18 ಪಂದ್ಯ. ಅದರ ಹಿಂದಿನ ಋತುವಿನಲ್ಲಿ ಬೆಂಗಳೂರು ಎಫ್‌ಸಿ ದೇಶದ ಚಾಂಪಿಯನ್ ಆದಾಗ ಆಡಿದ ಲೀಗ್ ಪಂದ್ಯ ಬರೀ 16. ಅಂದರೆ ಸ್ಪೇನ್‌ನಲ್ಲಿ ವೃತ್ತಿಪರ ಎಂದು ಕರೆಸಿಕೊಳ್ಳದ ದರ್ಜೆಯ ಆಟಗಾರ ಒಂದು ವರ್ಷದಲ್ಲಿ ಆಡಿದಷ್ಟು ಲೀಗ್ ಪಂದ್ಯ ಆಡಲು ನಮ್ಮ ರಾಷ್ಟ್ರೀಯ ಚಾಂಪಿಯನ್‌ಗೆ ಎರಡು ವರ್ಷಕ್ಕಿಂತ ಹೆಚ್ಚು ಬೇಕಿತ್ತು. ಜನಸಂಖ್ಯೆಯ ನೆಪವೂ ಇಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದ್ದು ಆರು ಕೋಟಿ ದಾಟಿತ್ತು. ಸ್ಪೇನ್‌ನದು ಆಗ ಐದು ಕೋಟಿಯನ್ನೂ ಮುಟ್ಟಿರಲಿಲ್ಲ.

ಪಂದ್ಯದ ಸಂಖ್ಯೆಗೆ ಇಷ್ಟು ತೂಕ ಕೊಡುವುದೇಕೆ ಎಂಬುದು ಡಿಫೆಂಡರ್‌ನ ಕೆಲಸವನ್ನು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಎದುರಾಳಿಯ ಮಿಡ್‌ಫೀಲ್ಡರ್ ಚೆಂಡನ್ನು ನಿಲ್ಲಿಸಿ ತಲೆ ಎತ್ತುತ್ತಾನೆ ಎಂದುಕೊಳ್ಳಿ. ಆ ಕ್ಷಣದಲ್ಲಿ ಹಿಂದಿನ ಸಾಲಿನ ನಾಲ್ವರೂ ಒಟ್ಟಿಗೆ ತೀರ್ಮಾನಿಸಬೇಕು: ಒಂದು ಹೆಜ್ಜೆ ಮುಂದಕ್ಕೆ ಹೋಗಿ ಸ್ಟ್ರೈಕರ್‌ನನ್ನು ಆಫ್‌ಸೈಡ್‌ಗೆ ಕೆಡವುವುದೋ, ಎರಡು ಹೆಜ್ಜೆ ಹಿಂದೆ ಸರಿದು ಉದ್ದ ಚೆಂಡಿಗೆ ಕಾಯುವುದೋ. ಮೂವರು ಮುಂದೆ ಹೋಗಿ ಒಬ್ಬ ಹಿಂದೆ ಉಳಿದರೆ ಗೋಲು. ಒದೆಯುವವನ ಸೊಂಟ ಯಾವ ಕಡೆ ತಿರುಗಿದೆ, ಅವನ ಮೇಲೆ ಯಾರಾದರೂ ಒತ್ತಡ ಹಾಕುತ್ತಿದ್ದಾರೋ ಇಲ್ಲವೋ, ತನ್ನ ಭುಜದ ಹಿಂದೆ ಯಾರು ನುಸುಳುತ್ತಿದ್ದಾರೆ, ಇಷ್ಟನ್ನೂ ಅರೆಕ್ಷಣದಲ್ಲಿ ಓದಿ ಸಾಲನ್ನು ನಡೆಸುವವನು ಸೆಂಟರ್ ಬ್ಯಾಕ್. ಇದನ್ನು ಅಭ್ಯಾಸದ ಮೈದಾನದಲ್ಲಿ ಹೇಳಿಕೊಡಬಹುದು, ಆದರೆ ಮೈಗೆ ಹತ್ತಿಸಲಾಗದು. ಅಲ್ಲಿ ತಪ್ಪಿದರೆ ಕಳೆದುಕೊಳ್ಳುವುದು ಏನೂ ಇಲ್ಲ. ಕ್ಯಾಸ್ಟಿಯಾದಂಥ ಎರಡನೇ ತಂಡದ ವಿಶೇಷ ಇರುವುದು ಇಲ್ಲೇ. ಅದರ ಇಪ್ಪತ್ತರ ಹುಡುಗರು ಆಡುವುದು ಇನ್ನೊಂದು ಅಕಾಡೆಮಿಯ ಹುಡುಗರ ಮೇಲಲ್ಲ. ಸಣ್ಣ ಪಟ್ಟಣಗಳ ಮೈದಾನದಲ್ಲಿ, ಮೂವತ್ತು ದಾಟಿದ, ಮೊಣಕೈ ಎಲ್ಲಿ ಊರಬೇಕೆಂದು ಬಲ್ಲ, ಕೆಳಗಿನ ದರ್ಜೆಗೆ ಇಳಿದರೆ ಸಂಬಳ ಹೋಗುವ ಗಂಡಸರ ಮೇಲೆ. ಸ್ಟ್ರೈಕರ್ ಹದಿನೆಂಟಕ್ಕೇ ಮಿಂಚಬಹುದು, ಸೆಂಟರ್ ಬ್ಯಾಕ್ ಇಪ್ಪತ್ತೈದರ ಆಸುಪಾಸಿಗೆ ಪಕ್ವವಾಗುತ್ತಾನೆ. ತಿಪಟೂರು ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿದ ಕಾಯಿ ವರ್ಷದ ಹತ್ತಿರ ಅಲ್ಲೇ ಕೂತರೆ ಮಾತ್ರ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ಅವಸರಕ್ಕೆ ಇಳಿಸಿ ಸುಲಿದರೆ ಹರಾಜಿನಲ್ಲಿ ಅದನ್ನು ಕೇಳುವವರಿಲ್ಲ.

ಈಗ ತುರುವೇಕೆರೆ ತಾಲ್ಲೂಕಿನ ದಂಡಿನಶಿವರದ ಪ್ರೌಢಶಾಲೆಯ ಹುಡುಗನೊಬ್ಬನಿಗೆ ಡಿಫೆಂಡರ್ ಆಗುವ ಮನಸ್ಸಾಯಿತು ಎನ್ನೋಣ. ಅವನಿಗಿರುವ ಏಣಿ ಶಾಲಾ ಕ್ರೀಡಾಕೂಟದ್ದು: ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಮೆಟ್ಟಿಲಿನ ಸಂಖ್ಯೆಯಲ್ಲಿ ನಾವು ಸ್ಪೇನ್‌ಗೇನೂ ಕಡಿಮೆಯಿಲ್ಲ! ಆದರೆ ಪ್ರತಿ ಮೆಟ್ಟಿಲಿನಲ್ಲೂ ಸೋತವನು ಅಲ್ಲಿಂದಲೇ ಮನೆಗೆ. ಫುಟ್‌ಬಾಲ್ ತಂಡ ಕಟ್ಟುವಷ್ಟು ಮಕ್ಕಳು, ಮೈದಾನ, ಆಸಕ್ತ ದೈಹಿಕ ಶಿಕ್ಷಕರು ಎಲ್ಲ ಕೂಡಿಬಂದರೂ ಮೊದಲ ಪಂದ್ಯದಲ್ಲೇ ಸೋತರೆ ಆ ವರ್ಷದ ಆಟ ಮುಗಿಯಿತು. ಹುಡುಗ ಮಾಡಿದ ತಪ್ಪನ್ನು ತಿದ್ದಿಕೊಳ್ಳಲು ಮುಂದಿನ ಭಾನುವಾರವಿಲ್ಲ, ಮುಂದಿನ ವರ್ಷವಿದೆ. ಆ ಹೊತ್ತಿಗೆ ಅವನು ಕಾಲೇಜಿಗೋ ಕೆಲಸಕ್ಕೋ ಹೋಗಿರುತ್ತಾನೆ. ನಾಕೌಟ್ ಪದ್ಧತಿ ಪ್ರತಿಭೆಯನ್ನು ಆರಿಸುತ್ತದೆ, ಬೆಳೆಸುವುದಿಲ್ಲ. ಅದು ಆರಿಸುವುದೂ ಹೆಚ್ಚಾಗಿ ಮುಂಚೂಣಿಯ ಆಟಗಾರರನ್ನು, ಏಕೆಂದರೆ ಒಂದೇ ಪಂದ್ಯದಲ್ಲಿ ಕಣ್ಣಿಗೆ ಬೀಳುವುದು ಓಟ ಮತ್ತು ಗೋಲು.

ಬೆಂಗಳೂರಿನ ಫುಟ್‌ಬಾಲ್ ಚರಿತ್ರೆಯೂ ಈ ಮಾತಿಗೆ ಪುಷ್ಟಿ ಕೊಡುತ್ತದೆ. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಇಲ್ಲಿಯವರು. ಕೋಲ್ಕತ್ತದ ಈಸ್ಟ್ ಬೆಂಗಾಲ್‌ನಲ್ಲಿ ‘ಪಂಚ ಪಾಂಡವ’ರೆಂದು ಹೆಸರಾದ ಐವರು ಮುಂಚೂಣಿ ಆಟಗಾರರಲ್ಲಿದ್ದ ಅಹ್ಮದ್ ಖಾನ್, ಧನರಾಜ್ ಇಲ್ಲಿಯವರು. 1962ರ ಏಷ್ಯನ್ ಗೇಮ್ಸ್ ಚಿನ್ನದ ತಂಡದ ಅರುಮೈನಾಯಗಂ ಕೂಡ. ಹಲಸೂರು ಬಳಿಯ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. ಗಲ್ಲಿಯ ಆಟ ಚುರುಕು ಕಾಲಿನ ಮುಂಚೂಣಿಗರನ್ನು ಕೊಟ್ಟಿತು. ಅವರನ್ನು ಮೂವತ್ತರವರೆಗೆ ಆಟದಲ್ಲಿ ಉಳಿಸಿ, ಜೊತೆಗೆ ಸ್ವಂತ ರಕ್ಷಣಾ ಸಾಲನ್ನೂ ಕಟ್ಟಿದ್ದು ಮಾತ್ರ ಗಲ್ಲಿಯಲ್ಲ, ಕಾರ್ಖಾನೆ. ಐಟಿಐ, ಎಚ್‌ಎಎಲ್‌ನಂಥ ಸಾರ್ವಜನಿಕ ಉದ್ದಿಮೆಗಳು ಆಟಗಾರನಿಗೆ ಕೆಲಸ ಕೊಟ್ಟವು, ತಿಂಗಳ ಸಂಬಳ ಕೊಟ್ಟವು, ಅಭ್ಯಾಸಕ್ಕೆ ಸಮಯ ಕೊಟ್ಟವು. 1977ರಲ್ಲಿ ಮೊಟ್ಟಮೊದಲ ಫೆಡರೇಷನ್ ಕಪ್ ಗೆದ್ದದ್ದು ಮೋಹನ್ ಬಾಗನ್ ಅಲ್ಲ, ಈಸ್ಟ್ ಬೆಂಗಾಲ್ ಅಲ್ಲ. ದೂರವಾಣಿ ತಯಾರಿಸುತ್ತಿದ್ದ ಬೆಂಗಳೂರಿನ ಐಟಿಐ. ಅದೂ ಫೈನಲ್‌ನಲ್ಲಿ ಮೋಹನ್ ಬಾಗನ್‌ಗೆ ಒಂದೂ ಗೋಲು ಬಿಡದೆ. ನಮ್ಮ ‘ಸೆಗುಂಡಾ ಬಿ’ ಏನಾದರೂ ಇದ್ದಿದ್ದರೆ ಅದು ಈ ಕಾರ್ಖಾನೆಗಳ ಫುಟ್‌ಬಾಲ್. ಉದ್ದಿಮೆಗಳು ಸೊರಗಿದವು, ಕ್ರೀಡಾ ಕೋಟಾದ ನೇಮಕಾತಿ ಇಳಿಯಿತು. ಎಚ್‌ಎಎಲ್ ತಂಡ 2012ರಲ್ಲಿ ಐ-ಲೀಗ್‌ನಿಂದ ಕೆಳಗಿಳಿಯಿತು. ಮರುವರ್ಷವೇ, 2013ರ ಜುಲೈನಲ್ಲಿ, ಜೆಎಸ್‌ಡಬ್ಲ್ಯು ಸಮೂಹದ ಬೆಂಗಳೂರು ಎಫ್‌ಸಿ ನೇರವಾಗಿ ಮೇಲಿನ ದರ್ಜೆಗೆ ಬಂತು. ಹೊಸ ಕ್ಲಬ್ ಕಳೆ ತಂದಿತು, ಕಪ್ ತಂದಿತು, ಕಂಠೀರವದ ವೆಸ್ಟ್ ಬ್ಲಾಕ್‌ಗೆ ನೀಲಿ ಅಂಗಿಯ ಜನ ತಂದಿತು. ಆದರೆ ಹಳೆಯ ಏಣಿ ಕಳಚಿಬಿದ್ದ ಜಾಗ ಖಾಲಿಯೇ ಉಳಿಯಿತು. ಹಾಗಾಗಿ ಹಿಂದಿನ ಸಾಲಿಗೆ ಒಬ್ಬ ನಾಯಕ ಬೇಕಾದಾಗ ಬೇರೆಯವರ ಏಣಿಯಿಂದ ಇಳಿಸಿಕೊಳ್ಳಬೇಕಾಯಿತು. ಮೊದಲು ಮಿಡಲ್ಸ್‌ಬರೊದ ಜಾನ್ ಜಾನ್ಸನ್, ಆಮೇಲೆ ಹುವಾನಾನ್, ಅವರ ಜೊತೆಗೆ ಸ್ವಾನ್ಸೀಯಲ್ಲೂ ಸೈಪ್ರಸ್‌ನ ಲಾರ್ನಕಾದಲ್ಲೂ ಆಡಿ ಬಂದ ಆಲ್ಬರ್ಟ್ ಸೆರಾನ್.

ಹೊರಗಿನವರನ್ನು ತಂದದ್ದೇ ನಮ್ಮ ಹುಡುಗರಿಗೆ ಜಾಗವಿಲ್ಲದಂತೆ ಮಾಡಿತು, ರೋಗವನ್ನೇ ಮದ್ದೆಂದು ಹೊಗಳುವುದು ಏಕೆ ಎಂದು ಕೇಳುವವರಿದ್ದಾರೆ. ಅದನ್ನು ತಳ್ಳಿಹಾಕುವಂತಿಲ್ಲ. ಐಎಸ್‌ಎಲ್ 2014ರಲ್ಲಿ ಶುರುವಾದಾಗ ಮೈದಾನದ ಹನ್ನೊಂದರಲ್ಲಿ ಆರು ಜನ ವಿದೇಶಿಯರಿರಬಹುದಿತ್ತು. 2017ರಲ್ಲಿ ಅದು ಐದಾಯಿತು, 2021ರಲ್ಲಿ ನಾಲ್ಕು. ಕ್ಲಬ್ಬುಗಳು ಆ ಜಾಗಗಳನ್ನು ಹೆಚ್ಚಾಗಿ ತುಂಬಿದ್ದು ಸ್ಟ್ರೈಕರ್ ಮತ್ತು ಸೆಂಟರ್ ಬ್ಯಾಕ್‌ಗಳಿಂದ, ಅಂದರೆ ಅನುಭವ ಅತ್ಯಂತ ಬೆಲೆಬಾಳುವ ಕಡೆ. ನಷ್ಟ ಆಗಿದೆ. ಆದರೆ ನಿಯಮ ಬಿಗಿಯಾದ ಮೇಲೆ ಖಾಲಿಯಾದ ಜಾಗಕ್ಕೆ ಕರ್ನಾಟಕದಿಂದ ಡಿಫೆಂಡರ್‌ಗಳು ಸಾಲುಗಟ್ಟಿ ಬರಲಿಲ್ಲ ಎಂಬುದನ್ನೂ ನೋಡಬೇಕು. ಮೇಲಿನ ಬಾಗಿಲು ತೆರೆದ ಮಾತ್ರಕ್ಕೆ ಕೆಳಗಿನಿಂದ ಹತ್ತಿ ಬರಲು ಮೆಟ್ಟಿಲು ಹುಟ್ಟಿಕೊಳ್ಳುವುದಿಲ್ಲ. ರಾಜ್ಯ ಸಂಸ್ಥೆಯ ಸೂಪರ್ ಡಿವಿಷನ್ ಲೀಗ್ ಇದೆಯಲ್ಲ ಎಂದರೆ, ಇದೆ. ಬೆಂಗಳೂರು ಎಫ್‌ಸಿಯ ಮೀಸಲು ತಂಡ ಅದರಲ್ಲಿ ಆಡಿದ್ದೂ ಒಳ್ಳೆಯದೇ. ಆದರೆ ಅದು ಒಂದು ನಗರದ ಲೀಗ್. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಾಗ ಅದು 54 ವರ್ಷದ ಮೇಲೆ ಬಂದ ಗೆಲುವು. ಹಿಂದಿನದು ರಾಜ್ಯಕ್ಕೆ ಮೈಸೂರು ಎಂಬ ಹೆಸರಿದ್ದ ಕಾಲದ್ದು. ಸಂಭ್ರಮಿಸಬೇಕಾದ ಗೆಲುವೇ. ಆದರೆ ಅದೂ ಕೆಲವು ವಾರದ ಟೂರ್ನಿ, ವರ್ಷವಿಡೀ ಆಡಿಸುವ ಲೀಗ್ ಅಲ್ಲ.

ನಮ್ಮದು ಕ್ರಿಕೆಟ್‌ನ, ಕಬಡ್ಡಿಯ ಸೀಮೆ, ಇಲ್ಲಿ ಫುಟ್‌ಬಾಲ್ ಬೇರೂರುವುದಿಲ್ಲ ಎನ್ನುವವರ ಮಾತು ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ. ಕಬಡ್ಡಿ ಬೇರೂರಿದ್ದು ಊರ ಹಬ್ಬ, ಜಾತ್ರೆಯ ಹೊತ್ತಿಗೆ ನಡೆಯುವ ಹೊನಲು ಬೆಳಕಿನ ಪಂದ್ಯಗಳಿಂದ; ಇಪ್ಪತ್ತರವನೂ ಮೂವತ್ತೈದರವನೂ ಒಂದೇ ಅಂಕಣಕ್ಕಿಳಿಯುವ ಆ ಪಂದ್ಯಗಳೇ ಅದರ ಕೆಳದರ್ಜೆ. ಕ್ರಿಕೆಟ್‌ನಲ್ಲಿ ರಾಜ್ಯ ಸಂಸ್ಥೆ ಬೆಂಗಳೂರಿನಲ್ಲಿ ಡಿವಿಷನ್‌ಗಳನ್ನು ಮಾಡಿತು, ಹೊರಗೆ ತುಮಕೂರು, ಮೈಸೂರು, ಧಾರವಾಡ, ಶಿವಮೊಗ್ಗ, ರಾಯಚೂರು, ಮಂಗಳೂರು ವಲಯಗಳನ್ನು ಮಾಡಿತು. ಸಣ್ಣ ಊರಿನ ಹುಡುಗನಿಗೆ ಸೋತ ಮೇಲೂ ಮುಂದಿನ ವಾರ ಪಂದ್ಯ ಸಿಗುವಂತಾಯಿತು. ದಾವಣಗೆರೆಯ ಆರ್. ವಿನಯ್ ಕುಮಾರ್ ಕರ್ನಾಟಕದ ನಾಯಕರಾಗಿ 2013–14, 2014–15ರಲ್ಲಿ ಸತತ ಎರಡು ರಣಜಿ ಟ್ರೋಫಿ ಎತ್ತಿದ್ದು ಯಾವುದೋ ಪವಾಡದಿಂದಲ್ಲ. ಸ್ಪೇನ್ ಫುಟ್‌ಬಾಲ್‌ನಲ್ಲಿ ಮಾಡಿದ್ದನ್ನು ನಾವು ಕ್ರಿಕೆಟ್‌ನಲ್ಲಿ ಮಾಡಿ ತೋರಿಸಿದ್ದೇವೆ, ಬಾರದ ವಿದ್ಯೆಯೇನಲ್ಲ.

ಹೊಟ್ಟೆಪಾಡಿನ ಪ್ರಶ್ನೆ ಇವೆಲ್ಲಕ್ಕಿಂತ ಕಷ್ಟದ್ದು. ತೋಟವಿದ್ದರೂ ನುಸಿ, ಕಾಂಡ ಸೋರುವ ರೋಗ, ಕೊಬ್ಬರಿ ಬೆಲೆಯ ಏರಿಳಿತ ಕಂಡ ತಂದೆತಾಯಿ ಮಗನನ್ನು ಕೆಳದರ್ಜೆಯ ಫುಟ್‌ಬಾಲ್‌ಗೆ ಏಕೆ ಬಿಡಬೇಕು? ಸ್ಪೇನ್‌ನಲ್ಲೂ ಅದು ಹೂವಿನ ಹಾಸಿಗೆಯಲ್ಲ. 2011ರ ಆಗಸ್ಟ್‌ನಲ್ಲಿ ಸಂಬಳ ಬಾಕಿ ಉಳಿದದ್ದಕ್ಕೆ ಆಟಗಾರರ ಸಂಘ ಮುಷ್ಕರ ಹೂಡಿ, ಲಾ ಲಿಗಾದ ಮೊದಲ ಸುತ್ತನ್ನೇ ಮುಂದೂಡಬೇಕಾಯಿತು. ಕೆಳಗಿನ ದರ್ಜೆಗಳಲ್ಲಿ ಬೇರೆ ಕೆಲಸ ಮಾಡಿಕೊಂಡು ಸಂಜೆ ಅಭ್ಯಾಸಕ್ಕೆ ಬರುವವರಿದ್ದಾರೆ. ನಮ್ಮಲ್ಲಿ ಮೇಲಿನ ದರ್ಜೆಗೇ ಭದ್ರತೆಯಿಲ್ಲ: ಲೀಗ್ ನಡೆಸುವ ಕರಾರಿನ ಗೊಂದಲದಿಂದ ಋತು ನಿಂತಾಗ, 2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ತಡೆಹಿಡಿಯುವುದಾಗಿ ಪ್ರಕಟಿಸಿತು. ಹಾಗಾಗಿ ಮಕ್ಕಳಿಗೆ ಇದನ್ನು ಜೀವನೋಪಾಯವೆಂದು ಮಾರುವುದು ಮೋಸವಾದೀತು. ಆದರೆ ಕೆಳದರ್ಜೆಯ ಫುಟ್‌ಬಾಲ್ ಎಲ್ಲರಿಗೂ ಜೀವನೋಪಾಯವಾಗಬೇಕಿಲ್ಲ ಎಂಬುದೇ ಸ್ಪೇನ್‌ನ ಅನುಭವ. ಸಾವಿರಾರು ಜನ ಬೇರೆ ಕೆಲಸದ ಜೊತೆಗೆ ಆಡುತ್ತಾರೆ. ಅವರಲ್ಲಿ ಕೆಲವರು ಅದರಿಂದ ಬದುಕುತ್ತಾರೆ. ಒಬ್ಬಿಬ್ಬರು ಡುಸೆಲ್ಡಾರ್ಫ್‌ಗೋ ಬೆಂಗಳೂರಿಗೋ ಹೋಗುತ್ತಾರೆ. ಆ ಒಬ್ಬಿಬ್ಬರನ್ನು ಗಟ್ಟಿ ಮಾಡುವುದು ಎಲ್ಲಿಗೂ ಹೋಗದ ಉಳಿದವರ ಆಟ.

ನಮ್ಮ ಸೀಮೆಯಲ್ಲಿ ಇದನ್ನು ಶುರು ಮಾಡಲು ಹೊಸ ಕ್ರೀಡಾಂಗಣ ಬೇಕೆಂದು ಮನವಿ ಸಲ್ಲಿಸುವುದು ವರ್ಷಗಳನ್ನು ನುಂಗುವ ದಾರಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಗುಬ್ಬಿ ತಾಲ್ಲೂಕುಗಳಿಂದ ಎರಡೆರಡು ತಂಡವೆಂದರೆ ಎಂಟಾಯಿತು. ಊರಲ್ಲೊಂದು, ಹೊರಗೊಂದು ಎಂದು ಆಡಿಸಿದರೆ ತಂಡಕ್ಕೆ 14 ಪಂದ್ಯ. ಮುಂಗಾರಿನ ಬಿರುಸು ಮುಗಿದ ಮೇಲೆ ಹಿಡಿದು ಬೇಸಿಗೆಯ ಹೊತ್ತಿಗೆ ಭಾನುವಾರಗಳಲ್ಲೇ ಮುಗಿಸಬಹುದು. ಶಾಲಾ ಕಾಲೇಜುಗಳ ಮೈದಾನ ಸಾಕು, ಹುಲ್ಲಿಲ್ಲದಿದ್ದರೂ ನಡೆಯುತ್ತದೆ. ವಯಸ್ಸಿನ ಮಿತಿ ಇಡಬಾರದು. ಹದಿನೇಳರ ಹುಡುಗನ ಎದುರಿಗೆ ಮೂವತ್ತೆರಡರ ಶಿಕ್ಷಕರೋ ಪೊಲೀಸ್ ಕಾನ್‌ಸ್ಟೆಬಲ್ಲೋ ನಿಲ್ಲಬೇಕು. ಬಹುಮಾನದ ಮೊತ್ತ ಚಿಕ್ಕದಿರಲಿ, ಇಲ್ಲದಿದ್ದರೆ ಬೆಂಗಳೂರಿನಿಂದ ದಿನಗೂಲಿಯ ಮೇಲೆ ಆಟಗಾರರನ್ನು ಕರೆಸುವ ಚಾಳಿ ಶುರುವಾಗುತ್ತದೆ. ಖರ್ಚು ಮಾಡಬೇಕಾದದ್ದು ರೆಫರಿಗಳ ಮೇಲೆ. ಆಫ್‌ಸೈಡ್ ಸರಿಯಾಗಿ ಹಿಡಿಯುವ ಲೈನ್ಸ್‌ಮನ್ ಇಲ್ಲದ ಲೀಗಿನಲ್ಲಿ ಸಾಲು ಕಟ್ಟಿ ಮುಂದೆ ಬರುವ ಡಿಫೆಂಡರ್‌ಗೆ ಶಿಕ್ಷೆ, ಹಿಂದೆ ನಿಂತು ಚೆಂಡನ್ನು ತೋಟದಾಚೆ ಒದೆಯುವವನಿಗೆ ಲಾಭ. ಆದ್ದರಿಂದ ರಾಜ್ಯ ಸಂಸ್ಥೆಯಿಂದ ತುಮಕೂರು ಜಿಲ್ಲೆ ಮೊದಲು ಕೇಳಿ ಪಡೆಯಬೇಕಾದದ್ದು ಕೋಚ್‌ಗಳನ್ನಲ್ಲ, ನಮ್ಮ ದೈಹಿಕ ಶಿಕ್ಷಕರಿಗೆ ರೆಫರಿ ತರಬೇತಿಯನ್ನು. ಎಂಟು ತಂಡ ದಿನಕ್ಕೆ ನಾಲ್ಕು ಪಂದ್ಯ ಆಡುವ ಲೀಗಿಗೆ ಪಂದ್ಯಕ್ಕೆ ಮೂವರಂತೆ ಹನ್ನೆರಡು ಜನ ಬೇಕು.